ಸುಣ್ಣದ ಡಬ್ಬಿ ಮತ್ತು ದಪ್ಪಬಾಲದ ಹಲ್ಲಿ

ನಮ್ಮ ಮನೆಯ ಊಟದ ಮೇಜಿನ ಮೇಲೆ ನನ್ನ ಅವ್ವನ ಹಿತ್ತಾಳೆಯ ಸುಣ್ಣದ ಡಬ್ಬಿ ಇದೆ. ಹೆಬ್ಬೆರಳಿನಷ್ಟು ಎತ್ತರ, ಮೇಲೊಂದು ಮುಚ್ಚಳ, ಮುಚ್ಚಳ ಕಳೆಯದಿರಲೆಂದು ಒಂದು ಎಳೆ ಸರಪಳಿ. ಹೋದ ತಿಂಗಳು ನನ್ನ ಗಂಡನ ಸ್ನೇಹಿತರೊಬ್ಬರು ನಮ್ಮಲ್ಲಿ ಊಟ ಮುಗಿಸಿ, ಕೈತೊಳೆದು, ಯಾರನ್ನೂ ಕೇಳದೆ ಆ ಡಬ್ಬಿಗೆ ಹಸಿ ಬೆರಳು ಹಾಕಿ ಎಲೆಗೆ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡರು. ಐದು ನಿಮಿಷ ಅಗಿದರು. ಕನ್ನಡಿಯ ಮುಂದೆ ಹೋಗಿ ನಾಲಿಗೆ ಚಾಚಿ ನೋಡಿಕೊಂಡು ಬಂದರು.

"ಏನ್ರೀ ಅಕ್ಕಾರ, ನಿಮ್ಮ ಸುಣ್ಣದಾಗ ದಮ್ಮೇ ಇಲ್ಲಲ್ರಿ! ಬಾಯಿ ಕೆಂಪಾಗಲೇ ಇಲ್ಲ."

"ಅದು ಹಲ್ಲಿಗೆ ಕೊಡೋ ಪುಡಿ ಅದರಿ," ಎಂದೆ.

ಅವರು ಹಿತ್ತಲಿಗೆ ಓಡಿದ ವೇಗವನ್ನು ನೋಡಿದರೆ ಅವರಿಗೆ ಅರವತ್ತೈದು ಎಂದು ಯಾರೂ ನಂಬುವುದಿಲ್ಲ. ಈಗ ನಮ್ಮ ಮನೆಗೆ ಬಂದರೆ ಚಹ ಕುಡಿಯುತ್ತಾರೆ, ಎಲೆ ಮಾತ್ರ ತಮ್ಮ ಚೀಲದ್ದೇ ಆಗಬೇಕು.

ಹೌದು, ಆ ಡಬ್ಬಿಯಲ್ಲಿ ಈಗ ಇರುವುದು ಹಲ್ಲಿಯ ಕ್ಯಾಲ್ಸಿಯಂ ಪುಡಿ. ಗೋಡೆಯ ಮೇಲೆ ಓಡಾಡುವ ಹಲ್ಲಿಯದಲ್ಲ, ಸಾಕಿದ ಹಲ್ಲಿಯದು. ನೀವು ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಳಂದದಲ್ಲಿ ನಮ್ಮ ಓಣಿಯವರು ನಕ್ಕು ಮುಗಿಸಿ ಬಹಳ ದಿನವಾಯಿತು.

ನಾನು ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವಳು. ಜೇವರ್ಗಿಯಲ್ಲಿ ಶುರು ಮಾಡಿ, ಅಫಜಲಪುರದಲ್ಲಿ ಅರ್ಧ ಆಯುಷ್ಯ ಕಳೆದು, ಆಳಂದದಲ್ಲಿ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಈ ಮೂರು ತಾಲೂಕಿನಲ್ಲಿ ಯಾವ ಬಸ್ಸು ಹತ್ತಿದರೂ ಕಂಡಕ್ಟರ್ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನೇ ಆಗಿರುತ್ತಾನೆ. 'ನನಗೆ ಗೊತ್ತಿಲ್ಲ' ಎಂಬ ಮಾತನ್ನು ನಾನು ತರಗತಿಯಲ್ಲಿ ಒಮ್ಮೆಯೂ ಆಡಿದವಳಲ್ಲ. ಗೊತ್ತಿಲ್ಲದಿದ್ದಾಗ "ಇದನ್ನ ನಾಳಿಗಿ ನೀವೇ ಓದ್ಕೊಂಡು ಬರ್ರಿ" ಎನ್ನುತ್ತಿದ್ದೆ. ನಾಳೆ ನಾನೂ ಓದಿಕೊಂಡು ಹೋಗುತ್ತಿದ್ದೆ, ಅದು ಬೇರೆ ಮಾತು.

ಅದರಲ್ಲೂ ಸುಣ್ಣದಂಶದ ಪಾಠ ನನ್ನ ಮೆಚ್ಚಿನದು. ಎಲುಬು, ಹಲ್ಲು, ಮೊಟ್ಟೆಯ ಚಿಪ್ಪು, ಶಾಲೆಯ ಗೋಡೆ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ಹೇಳುತ್ತಿದ್ದೆ. ಅದಕ್ಕೊಂದು ಖಾಸಗಿ ಕಾರಣವೂ ಇತ್ತು. ಚಿಕ್ಕವಳಿದ್ದಾಗ ನಾನು ಬಳಪ ತಿನ್ನುತ್ತಿದ್ದೆ. ನನ್ನ ತವರೂರು ಮಟಕಿಯಲ್ಲಿ ನಮ್ಮ ಮನೆಯ ಪಡಸಾಲೆಯ ಗೋಡೆಗೆ ನನ್ನ ಎತ್ತರಕ್ಕೆ ಸರಿಯಾಗಿ ಒಂದು ಗುಂಡಿ ಬಿದ್ದಿತ್ತು, ಉಗುರಿನಿಂದ ಸುಣ್ಣ ಕೆರೆದು ತಿಂದದ್ದು. ನಾನು ಬೆಳೆದಂತೆಲ್ಲ ಗುಂಡಿಯೂ ಗೋಡೆ ಹತ್ತಿತು. ಅಪ್ಪ ಅದನ್ನು ನೋಡಿ ಇಲಿ ಎಂದುಕೊಂಡಿದ್ದರು. ಅವ್ವ ಮಾತ್ರ ನನ್ನ ಉಗುರು ನೋಡಿದಳು, ಬೈಯಲಿಲ್ಲ. ಈ ಹಿತ್ತಾಳೆ ಡಬ್ಬಿಯಿಂದ ಗೋಧಿ ಕಾಳಿನಷ್ಟು ಸುಣ್ಣ ತೆಗೆದು, ಒಂದು ಬಟ್ಟಲು ಮೊಸರಿನಲ್ಲಿ ಕದಡಿ ಕುಡಿಸಿದಳು. "ಹೆಣ್ಣಹುಡುಗಿ ಎಲುಬು ಗಟ್ಟಿ ಇರಬೇಕವ್ವಾ, ಮುಂದ ಭಾಳ ಹೊರೂದದ," ಎಂದಳು. ಮೊಸರೆಲ್ಲ ನನಗೇ ಕುಡಿಸಿ ತಾನು ಬಟ್ಟಲಿಗೆ ನೀರು ಹಾಕಿ ತೊಳೆದು ಕುಡಿಯುತ್ತಿದ್ದಳು. ಅದು ಉಳಿತಾಯ ಎಂದು ಆಗ ನಾನು ತಿಳಿದಿದ್ದೆ.

ಇರಲಿ, ಹಲ್ಲಿಯ ಕಡೆ ಬರುತ್ತೇನೆ.

ನನ್ನ ಅಣ್ಣನ ಮಗಳು ಪಲ್ಲವಿ ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓದುತ್ತಾಳೆ. ಪುಣೆಯಲ್ಲಿದ್ದಾಗ ಅವಳು ಆಫ್ರಿಕಾ ಮೂಲದ ಒಂದು ದಪ್ಪಬಾಲದ ಹಲ್ಲಿಯನ್ನು ಕಾಗದಪತ್ರ ಸಮೇತ ಸಾಕಿದ್ದಳು. ಕಂದು ಮೈ, ಅದರ ಮೇಲೆ ಕೆನೆಬಣ್ಣದ ಪಟ್ಟೆ. ಹೊಸ ಬೆಲ್ಲದ ಬಣ್ಣವೆಂದು ಅದಕ್ಕೆ 'ಬೆಲ್ಲ' ಎಂದೇ ಹೆಸರಿಟ್ಟಿದ್ದಳು. ಹಾಸ್ಟೆಲಿನಲ್ಲಿ ಪ್ರಾಣಿ ಇಟ್ಟುಕೊಳ್ಳುವಂತಿಲ್ಲ. ಮೇಲಾಗಿ ಅವಳಿಗೆ ಆರು ತಿಂಗಳು ದೂರದ ಊರಿನಲ್ಲಿ ಅಧ್ಯಯನದ ಕೆಲಸ ಬಿತ್ತು. ದಸರೆ ಮುಗಿದ ಮರುದಿನ ಗಾಜಿನ ಪೆಟ್ಟಿಗೆ ಹೊತ್ತುಕೊಂಡು ನಮ್ಮ ಮನೆಗೆ ಬಂದಳು.

"ಅತ್ತಿ, ನಿನ್ನ ಬಿಟ್ಟು ಯಾರ ಮ್ಯಾಲೂ ನನಗ ಭರೋಸಾ ಇಲ್ಲ," ಎಂದಳು. ಈ ಮಾತಿಗೆ ಕರಗದ ಅತ್ತೆಯನ್ನು ನಾನು ಕಂಡಿಲ್ಲ.

ಬೆಲ್ಲ ನೋಡಲು ನಮ್ಮ ಗೋಡೆಯ ಹಲ್ಲಿಯಂತಿರಲಿಲ್ಲ. ಗೋಡೆ ಹತ್ತಲು ಬಾರದು, ನೆಲದ ಮೇಲೆಯೇ ಠೀವಿಯಿಂದ ನಡೆಯುತ್ತದೆ. ಕಣ್ಣಿಗೆ ರೆಪ್ಪೆ ಇದೆ, ನಿಮ್ಮನ್ನು ನೋಡಿ ನಿಧಾನವಾಗಿ ಮಿಟುಕಿಸುತ್ತದೆ. ಲೊಚಗುಟ್ಟುವುದಿಲ್ಲ. ಹಲ್ಲಿ ನುಡಿದರೆ ಆಡಿದ ಮಾತು ಖರೆ ಎಂದು ನೆಲಕ್ಕೆ ಮೂರು ಬಾರಿ ಬೆರಳು ಕುಟ್ಟುವ ನನ್ನ ಗಂಡನಿಗೆ ಇದೇ ದೊಡ್ಡ ದೂರು. "ನುಡಿಲಾರದ ಹಲ್ಲಿ ತಗೊಂಡು ಏನ ಮಾಡೂದ?" ಎಂದರು.

ಪಲ್ಲವಿ ಮೂರು ವಸ್ತು ಕೊಟ್ಟು ಹೋದಳು. ಒಂದು ಡಬ್ಬದ ತುಂಬ ಜೀವಂತ ಜೀರುಂಡೆಗಳು, ಬೆಲ್ಲನ ಊಟ. ಒಂದು ವಿಶೇಷ ದೀಪ. ಮತ್ತೆ ಬಿಳಿ ಪುಡಿಯ ಒಂದು ಹೊಸ ಡಬ್ಬಿ. "ಜೀರುಂಡಿಗಿ ಈ ಪುಡಿ ಹಚ್ಚೇ ಕೊಡಬೇಕತ್ತಿ, ಮರೀಬ್ಯಾಡ," ಎಂದು ಎರಡು ಸಲ ಹೇಳಿ, ಮೂರನೆಯ ಸಲ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದಳು. ಶಿಕ್ಷಕಿಗೆ ಚೀಟಿ ಬರೆದು ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು.

ನಮ್ಮದು ಇರುವೆಗೂ ಸಕ್ಕರೆ ಹಾಕುವ ಮನೆ. ನನ್ನ ಗಂಡ ಗುರುಪಾದಪ್ಪ ತೊಗರಿಬೇಳೆ ವ್ಯಾಪಾರಿ. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ ಆಗದೆ ಚಹವನ್ನೂ ಮುಟ್ಟುವುದಿಲ್ಲ. ಪೂಜೆಗೆ ಕೂತರೆ ಪಕ್ಕದ ಕೋಣೆಯಿಂದ ಜೀರುಂಡೆಗಳು ಕಿರ್ರೆನ್ನುತ್ತಿದ್ದವು. ಮೂರನೆಯ ದಿನ ಡಬ್ಬ ಖಾಲಿಯಾಗಿತ್ತು.

"ನಾನೇ ಮಾಳಗಿ ಮ್ಯಾಲೆ ಒಯ್ದು ಬಿಟ್ಟೀನಿ," ಎಂದರು ಶಾಂತವಾಗಿ. "ನಾಳಿ ಕೊಲ್ಲೂದಕ್ಕ ಇವತ್ತ ಸಾಕೂದಂದ್ರ ಅದ್ಯಾವ ನ್ಯಾಯ? ನನಗಾಗೂದಿಲ್ಲ."

ಅವರ ಮಾತಿಗೆ ಎದುರಾಡುವಂತಿರಲಿಲ್ಲ. ಆದರೆ ಹಲ್ಲಿ ಉಪವಾಸ ಇರುವಂತೆಯೂ ಇರಲಿಲ್ಲ. ರೊಟ್ಟಿ ಚೂರು ಮೊಸರಿನಲ್ಲಿ ಅದ್ದಿ ಇಟ್ಟರು ನನ್ನ ಗಂಡ. ಬೆಲ್ಲ ಅದರ ಮೇಲೆ ಕಾಲಿಟ್ಟು ನಡೆದುಹೋಯಿತು. ಆಗ ನನಗೊಂದು ಅದ್ಭುತ ಉಪಾಯ ಹೊಳೆಯಿತು. ಅದು ಎಷ್ಟು ಅದ್ಭುತವಾಗಿತ್ತೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ತೊಗರಿ ಕಾಯಿ ಕಟ್ಟುವ ಕಾಲದಲ್ಲಿ ನಮ್ಮ ಸೀಮೆಗೆ ಬಂದವರಿಗೆ ಈ ನೋಟ ಗೊತ್ತಿರುತ್ತದೆ. ಕಾಯಿಕೊರಕ ಹುಳ ಬಿದ್ದಾಗ ಗಿಡದ ಬುಡಕ್ಕೆ ಹಳೆಯ ಕೌದಿ ಹಾಸಿ, ಗಿಡವನ್ನು ಗದಗದ ಅಲ್ಲಾಡಿಸುತ್ತಾರೆ. ಹಸಿರು ಹುಳಗಳು ಟಪಟಪ ಉದುರುತ್ತವೆ. ನಾನೂ ಚಿಕ್ಕಂದಿನಲ್ಲಿ ಅಣ್ಣನ ಜೊತೆ ಕೌದಿಯ ತುದಿ ಹಿಡಿದು ಸಾಲು ಸಾಲು ತಿರುಗಿದವಳು. ನಮ್ಮ ಹಿಂದೆಯೇ ಪಕ್ಕದ ಮನೆಯ ಮಲ್ಲವ್ವನ ಕೋಳಿಗಳು ಬರುತ್ತಿದ್ದವು. ಆ ಕೋಳಿಗಳು ಹುಳ ತಿಂದು ತಿಂದು ಮೈ ಮಿರಮಿರ ಮಿಂಚುತ್ತಿದ್ದದ್ದು ನನಗೆ ನಿನ್ನೆಯದೆಂಬಂತೆ ನೆನಪಿದೆ. ಅಣ್ಣ ಈಗ ಹೊಲಕ್ಕೆ ವಿಷ ಹೊಡೆಯುವುದಿಲ್ಲ, ಹಳೆಯ ಪದ್ಧತಿಯಂತೆ ಅಲ್ಲಾಡಿಸಿಯೇ ಹುಳ ತೆಗೆಯುತ್ತಾನೆ. ಆ ಹುಳಗಳು ಹೇಗೂ ಸಾಯುವವೇ. ನನ್ನ ಗಂಡನ ಧರ್ಮಕ್ಕೂ ಧಕ್ಕೆಯಿಲ್ಲ, ಬೆಲ್ಲನ ಹೊಟ್ಟೆಗೂ ಕೊರತೆಯಿಲ್ಲ.

ಅಣ್ಣ ಮಟಕಿಯಿಂದ ವಾರಕ್ಕೆ ಎರಡು ಸಲ ಹುಳಗಳ ಡಬ್ಬಿ ಕಳಿಸಿದ. ತೊಗರಿಯ ಸತ್ವವನ್ನೆಲ್ಲ ಹೀರಿದ ಹುಳಕ್ಕೆ ಪುಡಿ ಬೇರೆ ಯಾಕೆ? ಪುಡಿ ಗಿಡಿ ಎಲ್ಲ ಕಂಪನಿಯವರ ವ್ಯಾಪಾರ ಎಂದು ತೀರ್ಮಾನಿಸಿ ಬಿಳಿ ಡಬ್ಬಿಯನ್ನು ಔಷಧಿಯ ಚೀಲಕ್ಕೆ ಹಾಕಿದೆ. ಆ ದೀಪವನ್ನೂ ಎತ್ತಿಟ್ಟೆ. ಕಲಬುರಗಿ ಬಿಸಿಲಿಗಿಂತ ದೊಡ್ಡ ದೀಪ ಜಗತ್ತಿನಲ್ಲಿದೆಯೆ? ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ಗಾಜಿನ ಹಿಂದೆ, ಎಳೆಬಿಸಿಲು ಬೀಳುವ ಕಡೆ ಇಟ್ಟೆ. ಬೆಲ್ಲ ಗಬಗಬ ತಿಂದಿತು. ಬಾಲ ಇನ್ನೂ ದಪ್ಪವಾಯಿತು. ಪಲ್ಲವಿ ಫೋನಿನಲ್ಲಿ ನೋಡಿ "ಅತ್ತಿ, ನೀ ಗ್ರೇಟ್!" ಎಂದಳು. ನಾನು ಅಲ್ಲಗಳೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬೆಲ್ಲ ಹೊಟ್ಟೆ ನೆಲಕ್ಕೆ ಹಚ್ಚಿ ನಡೆಯತೊಡಗಿತು. ಮೈ ಬಂದಿದೆ, ಅದಕ್ಕೇ ಎಂದೆ. ಆಮೇಲೆ ನಡೆಯುವುದನ್ನೇ ಕಡಿಮೆ ಮಾಡಿತು. ಸೋಮಾರಿತನ ಎಂದೆ. ಬೆರಳುಗಳು ಸಣ್ಣಗೆ ನಡುಗಿದವು. ಚಳಿ ಎಂದೆ. ತರಗತಿಯಲ್ಲಾದರೆ ಹೀಗೆ ಮೂರು ತಪ್ಪು ಉತ್ತರ ಕೊಟ್ಟವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹುಳವೊಂದನ್ನು ಅದರ ಮುಂದೆ ಇಟ್ಟೆ. ಬೆಲ್ಲ ಬಾಯಿ ತೆರೆದು ಹಿಡಿಯಿತು. ಹಿಡಿದ ದವಡೆ ರಬ್ಬರಿನಂತೆ ಬಾಗಿತು. ಹುಳ ಜಾರಿಕೊಂಡು ಅದರ ಮೂಗಿನ ಮೇಲೆಯೇ ಹತ್ತಿ ಆಚೆ ಇಳಿದುಹೋಯಿತು. ಬೆಲ್ಲ ಎದ್ದು ಅದರ ಹಿಂದೆ ಹೋಗಲು ನೋಡಿತು. ಮುಂಗಾಲು ಮಡಚಿಕೊಂಡಿತು. ಗದ್ದವನ್ನು ನೆಲಕ್ಕಿಟ್ಟು, ನನ್ನನ್ನು ನೋಡಿ ಒಮ್ಮೆ ನಿಧಾನವಾಗಿ ಕಣ್ಣು ಮಿಟುಕಿಸಿತು.

ನನಗೆ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಆವತ್ತು ನಿಜವಾಗಿ ಹೆದರಿದೆ. ಒಬ್ಬಳ ಭರವಸೆಯನ್ನು ನಾನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿದ್ದೆ, ಅದು ನನ್ನ ಕಣ್ಣ ಮುಂದೆಯೇ ಕಾಲು ಮಡಚುತ್ತಿತ್ತು. ಆ ಸಂಜೆ ಪಲ್ಲವಿಯ ಫೋನು ಬಂದಾಗ ಪೆಟ್ಟಿಗೆಯ ಬಾಲದ ಕಡೆಯಿಂದ ತೋರಿಸಿ "ಮಲಗ್ಯದ" ಎಂದೆ.

ಫೋನು ಇಟ್ಟವಳೇ ಅವ್ವನ ಡಬ್ಬಿ ತೆಗೆದೆ. ಆಗ ಅದರಲ್ಲಿ ಎಲೆಗೆ ಹಚ್ಚುವ ಸುಣ್ಣವೇ ಇತ್ತು. ಬಟ್ಟಲಿಗೆ ಮೊಸರು ಹಾಕಿ, ಕಡ್ಡಿಯ ತುದಿಗೆ ಸುಣ್ಣ ತೆಗೆದುಕೊಂಡೆ. ಗಂಡ ಬಾಗಿಲಲ್ಲಿ ನಿಂತಿದ್ದರು.

"ಏನ್ ಮಾಡಾಕತ್ತೀ?"

"ಅವ್ವ ನನಗ ಕೊಡ್ತಿದ್ದಳು."

"ನಿನಗ ಬಟ್ಟಲಾ ತುಂಬ ಮೊಸರಿತ್ತು. ಇದರ ಬಾಯಿ ಕಡ್ಲಿ ಕಾಳಿನಷ್ಟ ಅದ. ಹ್ವಾದ ವರ್ಷ ಎಲಿಗಿ ಸುಣ್ಣ ಹೆಚ್ಚಾಗಿ ನನ್ನ ನಾಲಿಗಿ ಸುಟ್ಟು ಮೂರ ದಿನ ಉಣ್ಣಲಿಲ್ಲ, ಮರ್ತೇನು? ಇಡು ಅದನ್ನ."

ಇಟ್ಟೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ರಸಾಯನಶಾಸ್ತ್ರದ ವಿಷಯದಲ್ಲಿ ಅವರ ಮಾತು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಪರಿಚಯದ ದನದ ಕಂಪೌಂಡರನಿಗೆ ಫೋನು ಮಾಡಿದೆ. "ಎಮ್ಮಿ ಇದ್ರ ಹೇಳ್ರಿ ಟೀಚರ್, ಹಲ್ಲಿ ನಮಗ ತಿಳಿಯಂಗಿಲ್ಲ," ಎಂದ. ಆದರೂ ದಾರಿ ತೋರಿಸಿದ. ಜೇವರ್ಗಿಯಲ್ಲಿ ಮಹಿಬೂಬ್ ಎಂಬ ಪಶುವೈದ್ಯರು ಗಿಳಿ, ಮೊಲ, ಆಮೆಗಳನ್ನೂ ನೋಡುತ್ತಾರಂತೆ. ಬೆಲ್ಲನನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಮೆತ್ತಗೆ ಬಟ್ಟೆ ಹಾಸಿ ಮಲಗಿಸಿ, ಪಕ್ಕಕ್ಕೆ ಉಗುರುಬೆಚ್ಚಗಿನ ನೀರಿನ ಬಾಟಲಿ ಇಟ್ಟು, ಔಷಧಿ ಚೀಲವನ್ನು ಇದ್ದ ಹಾಗೆಯೇ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ನಿರೀಕ್ಷೆಯಂತೆ ನನ್ನ ವಿದ್ಯಾರ್ಥಿಯೇ. "ಡಬ್ಬ್ಯಾಗ ಏನದ್ರೀ ಟೀಚರ್?" ಎಂದ. "ಬೆಲ್ಲ," ಎಂದೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಭೀಮಾ ನದಿಯ ಸೇತುವೆ ದಾಟುವಾಗ ಡಬ್ಬಿಯ ಮುಚ್ಚಳ ಸರಿಸಿ ನೋಡಿದೆ. ಉಸಿರಾಡುತ್ತಿತ್ತು.

ಡಾಕ್ಟರ್ ಮಹಿಬೂಬ್ ನನ್ನನ್ನು ಕಂಡವನೇ ಕುರ್ಚಿ ಬಿಟ್ಟು ಎದ್ದು ನಿಂತ. ನನಗೆ ಗುರುತು ಸಿಗಲಿಲ್ಲ.

"ನಾನ್ರೀ ಟೀಚರ್, ಅಫಜಲಪುರ ಸಾಲಿ. ಖಡು ತಿಂತಿದ್ದೆನಲ್ರಿ, ಕಡೀ ಬೆಂಚ."

ಸೀಮೆಸುಣ್ಣಕ್ಕೆ ನಮ್ಮ ಕಡೆ ಖಡು ಎನ್ನುತ್ತಾರೆ. ನೆನಪಾಯಿತು. ಪಾಠ ಮಾಡಲು ಹೋದರೆ ಡಬ್ಬಿಯಲ್ಲಿ ತುಂಡುಗಳೇ ಇರುತ್ತಿರಲಿಲ್ಲ. ಒಂದು ದಿನ ಬಾಯಿಯ ಸುತ್ತ ಬಿಳಿ ಮೆತ್ತಿಕೊಂಡ ಈ ಹುಡುಗ ಸಿಕ್ಕಿಬಿದ್ದ. ಬಳಪ ತಿಂದು ಗೋಡೆಗೆ ಗುಂಡಿ ಬೀಳಿಸಿದವಳು ಅವನನ್ನು ವಾರಗಟ್ಟಲೆ ಬೆಳಗಿನ ಬಿಸಿಲಿನಲ್ಲಿ ಹೊರಗೆ ನಿಲ್ಲಿಸಿದೆ. ನನ್ನ ಕಿವಿ ಬಿಸಿಯಾಯಿತು.

"ನಿನ್ನ ಬಿಸಿಲಾಗ ನಿಲ್ಲಿಸಿದ್ದೆ," ಎಂದೆ.

"ಅದಕ್ಕೇ ನೋಡ್ರಿ ನನ್ನ ಹಡ್ಡಿ ಇಷ್ಟ ಮಜಬೂತ್ ಅವ," ಎಂದು ನಕ್ಕು, ಕೈತೊಳೆದು ಬೆಲ್ಲನನ್ನು ಎತ್ತಿಕೊಂಡ. ನಗು ನಿಂತಿತು. ಒಂದು ಬೆರಳಿನಿಂದ ದವಡೆ ಒತ್ತಿ ನೋಡಿದ, ಮುಂಗಾಲು ಸವರಿದ, ಬೆನ್ನಿನ ಗುಂಟ ಬೆರಳು ಎಳೆದ. ಪಕ್ಕದ ಎಕ್ಸ್‌ರೇ ಅಂಗಡಿಗೆ ನಾವೇ ಒಯ್ದೆವು. ಅಲ್ಲಿಯವನು ಅಭ್ಯಾಸದಂತೆ ಪುಸ್ತಕ ತೆರೆದು, ಪೇಶಂಟಿನ ಹೆಸರು 'ಬೆಲ್ಲ', ವಯಸ್ಸು 'ಎರಡು' ಎಂದು ಬರೆದುಕೊಂಡು, ಡಬ್ಬಿಯೊಳಗೆ ಇಣುಕಿ ಪೆನ್ನು ಕೆಳಗೆ ಬೀಳಿಸಿದ. ಚಿತ್ರ ಬಂತು. ಎಲುಬು ಇರಬೇಕಾದಲ್ಲಿ ಹೊಗೆಯಂತೆ ಏನೋ ತೆಳ್ಳಗೆ ಕಾಣುತ್ತಿತ್ತು. ಎಡ ಮುಂಗಾಲು ಬಾಗಿತ್ತು.

"ಏನ್ ತಿನ್ನಸ್ತಿದ್ರಿ?"

"ತೊಗರಿ ಹುಳ. ಅಣ್ಣನ ಹೊಲದ್ದು, ವಿಷ ಹೊಡದಿದ್ದಲ್ಲ," ಎಂದೆ, ಇನ್ನೂ ಸ್ವಲ್ಪ ಹೆಮ್ಮೆಯಿಂದಲೇ.

"ಬರೇ ಅದೇ ಏನ್ರಿ? ಹುಳದಾಗ ಮಾಂಸ ಅದ, ಸುಣ್ಣ ಇಲ್ರಿ. ರಂಜಕ ಜಾಸ್ತಿ, ಅದು ಇದ್ದ ಸುಣ್ಣಾನೂ ಮೈಗಿ ಹತ್ತಗೊಡಂಗಿಲ್ಲ. ಪುಡಿ ಹಚ್ಚಿ ಕೊಟ್ರೇನು?"

ನಾನು "ಹೂಂ" ಎಂದೆ. ಮೂವತ್ತೆರಡು ವರ್ಷ ಸುಳ್ಳು ಹೇಳಿದವರ ಕಿವಿ ಹಿಂಡಿದವಳು ಹೇಳಿದ ಸುಳ್ಳು ಅದು.

"ಯಾವ ಪುಡಿ, ತೋರಸ್ರಿ."

ಔಷಧಿ ಚೀಲವನ್ನು ಮೇಜಿನ ಮೇಲೆ ಸುರಿದೆ. ಬಿಳಿ ಡಬ್ಬಿ ಉರುಳಿ ಬಂತು. ಅವನು ಅದನ್ನು ತಿರುಗಿಸಿ ನೋಡಿ, ತೀರ ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದ: "ಟೀಚರ್, ಸೀಲ್ ಇನ್ನೂ ಹಾಂಗೇ ಅದರಿ."

ಆ ಡಬ್ಬಿಯ ಹಿಂದೆಯೇ ಇನ್ನೊಂದು ಡಬ್ಬಿ ಉರುಳಿಕೊಂಡು ಬಂದು ಅದರ ಪಕ್ಕ ನಿಂತಿತು. ನನ್ನ ಮೊಣಕಾಲು ನೋವಿಗೆ ಎರಡು ವರ್ಷದ ಹಿಂದೆ ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಗುಳಿಗೆ. ಜೋಳದ ರೊಟ್ಟಿ ತಿಂದ ಎಲುಬು ನನ್ನದು, ನನಗೇನು ಆಗುತ್ತದೆ ಎಂದು ಎತ್ತಿಟ್ಟದ್ದು. ಮಹಿಬೂಬ್ ಅದನ್ನೂ ತಿರುಗಿಸಿ ನೋಡಿದ. ಅದರ ಸೀಲೂ ಹಾಗೇ ಇತ್ತು. ಅದನ್ನು ಮತ್ತೆ ಬಿಳಿ ಡಬ್ಬಿಯ ಪಕ್ಕವೇ ನಿಲ್ಲಿಸಿದ. ಒಳ್ಳೆಯ ಹುಡುಗ.

"ತಪ್ಪು ನಂದೇ," ಎಂದೆ. "ಗೊತ್ತಿದ್ದದ್ದು ಅರ್ಧ."

ಹಾಗೆ ಹೇಳಿದಾಗಲೇ ಮಲ್ಲವ್ವನ ಕೋಳಿಗಳು ಪೂರ್ತಿಯಾಗಿ ನೆನಪಾದವು. ಹುಳ ತಿಂದ ಆ ಕೋಳಿಗಳು ನೇರ ನಮ್ಮ ಗೋಡೆಗೆ ಬಂದು ಸುಣ್ಣ ಕುಕ್ಕುತ್ತಿದ್ದವು. ನಾನು ಕೆರೆದ ಗುಂಡಿಯ ಕೆಳಗೇ ಅವುಗಳ ಗುಂಡಿ ಇತ್ತು. ಕೋಳಿಗೆ ಗೊತ್ತಿದ್ದದ್ದು ನನಗೆ ಮರೆತಿತ್ತು.

ಮಹಿಬೂಬ್ ಪಾಠ ಮಾಡಿದ, ನಾನು ಬೆಂಚಿನ ಮೇಲೆ ಕೂತು ಕೇಳಿದೆ. "ರಕ್ತಕ್ಕ ಸುಣ್ಣ ಬೇಕೇ ಬೇಕ್ರಿ. ಹೊರಗಿಂದ ಸಿಗಲಿಲ್ಲಂದ್ರ ಮೈ ತನ್ನ ಎಲುಬಿನಿಂದನೇ ತೆಗೀತದ. ತೆಗೆದೂ ತೆಗೆದೂ ಎಲುಬು ಮೆತ್ತಗಾಗ್ತದ." ಒಳಗೆ ಹೋದ ಸುಣ್ಣ ಮೈಗೆ ಹತ್ತಬೇಕಾದರೆ ಡಿ ಜೀವಸತ್ವ ಬೇಕು. ಅದು ಪುಡಿಯಲ್ಲಿಯೇ ಸ್ವಲ್ಪ ಇದೆ, ದೀಪವೂ ಅದಕ್ಕೇ. "ಗಾಜಿನಾಗಿಂದ ಬೆಳಕು ಬರ್ತದ, ಎಲುಬಿಗಿ ಬೇಕಾದ ಕಿರಣ ಬರಂಗಿಲ್ಲ. ಹಂಗಂತ ಬ್ಯಾಸಿಗಿ ಬಿಸಿಲಾಗ ಇಟ್ಟೀರಿ, ಗಾಜಿನ ಪೆಟಗ್ಯಾಗ ಬೆಂದು ಹೋಗ್ತದ." ಬಿಸಿಲಿನ ಸೀಮೆಯಲ್ಲಿ, ನೆಲ ಅಗೆದರೆ ಸುಣ್ಣದ ಕಲ್ಲು ಸಿಗುವ ಜಿಲ್ಲೆಯಲ್ಲಿ, ವಿಜ್ಞಾನ ಶಿಕ್ಷಕಿಯ ಮನೆಯಲ್ಲಿ ಒಂದು ಜೀವ ಬಿಸಿಲೂ ಸುಣ್ಣವೂ ಇಲ್ಲದೆ ಕಾಲು ಮಡಚಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬೆಲ್ಲನ ತೂಕ ನೋಡಿ ದ್ರವರೂಪದ ಕ್ಯಾಲ್ಸಿಯಂ ಕೊಟ್ಟ. ದಿನಕ್ಕೆ ಇಷ್ಟೇ ಹನಿ, ತುಟಿಯಂಚಿಗೆ ಮುಟ್ಟಿಸಿದರೆ ತಾನೇ ನೆಕ್ಕುತ್ತದೆ. ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಮೂಲೆಯಲ್ಲಿ ಒದ್ದೆ ಪಾಚಿಯ ಒಂದು ಗೂಡು ಇರಲಿ. ಎತ್ತಿ ಆಡಿಸಬಾರದು, ಎಲುಬು ಮುರಿದೀತು. ಜೀರುಂಡೆಗಳು ಬೇಕೇ ಬೇಕು, ಅವಕ್ಕೂ ಒಳ್ಳೆಯ ಸೊಪ್ಪು ತಿನ್ನಿಸಿ, ಪುಡಿ ಹಚ್ಚಿ ಕೊಡಬೇಕು. ಹೆದರಿ ಪುಡಿಯನ್ನು ಅತಿಯಾಗಿ ಸುರಿಯುವುದೂ ತಪ್ಪು.

"ಎದ್ದು ನಿಲ್ತದೇನೋ?" ಎಂದು ಕೇಳಿದೆ.

"ಬಾಗಿದ ಕಾಲು ಬಾಗೇ ಇರ್ತದ್ರಿ. ನಿಲ್ಲೂದು ಹ್ಯಾಂಗಂತ ಈಗ ಹೇಳಾಕಾಗಲ್ಲ. ಒಂದ್ ಎರಡ್ ತಿಂಗಳು ನೋಡೋಣ್ರಿ." ಹೊರಡುವಾಗ ಎರಡು ಡಬ್ಬಿಗಳನ್ನೂ ಜೋಪಾನವಾಗಿ ಚೀಲಕ್ಕೆ ಹಾಕಿಕೊಟ್ಟ.

ಇನ್ನು ಮನೆಯಲ್ಲಿ ಜೀರುಂಡೆಯ ಮಾತು. ನಾನು ವಾದಿಸಲಿಲ್ಲ. ಎಕ್ಸ್‌ರೇಯನ್ನು ಗಂಡನ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪೆಟ್ಟಿಗೆಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಬೆಲ್ಲ ಏಳಲು ನೋಡಿ, ಆಗದೆ, ಗದ್ದ ಇಟ್ಟುಕೊಂಡಿತು.

"ನಾ ಆ ಜೀರುಂಡಿ ಬಿಟ್ಟಿದ್ದಕ್ಕ ಆತೇನು ಇದು?" ಎಂದರು.

"ನಿಮ್ಮ ದಯಾ ಅರ್ಧ, ನನ್ನ ಜಾಣತನ ಅರ್ಧ," ಎಂದೆ.

ಅವರು ಮೂರು ದಿನ ಪೂಜೆ ಮುಗಿಸಿದವರೇ ಪೆಟ್ಟಿಗೆಯ ಮುಂದೆ ಹೋಗಿ ಕೂತರು. ನಾಲ್ಕನೆಯ ದಿನ ತಾವೇ ಕಲಬುರಗಿಗೆ ಹೋಗಿ ಜೀರುಂಡೆಗಳ ಡಬ್ಬ ತಂದರು. ಹಿತ್ತಲಿನ ನುಗ್ಗೆಯ ಎಳೆ ಸೊಪ್ಪು ಹರಿದು ಅವಕ್ಕೆ ಹಾಕುತ್ತ "ಉಣ್ರಪ್ಪಾ, ಹೊಟ್ಟಿ ತುಂಬ ಉಣ್ರಿ. ನನ್ನ ಕೈಲೆ ಅಷ್ಟರ ಆಗಲಿ," ಎಂದರು. ಆಹಾರದ ಹುಳಕ್ಕೆ ಮೊದಲು ಚೆನ್ನಾಗಿ ತಿನ್ನಿಸಬೇಕೆಂಬ ವೈದ್ಯರ ಸೂಚನೆಯನ್ನು ನನ್ನ ಗಂಡನಷ್ಟು ಮನಸಾರೆ ಪಾಲಿಸಿದವರು ಇನ್ನೊಬ್ಬರಿಲ್ಲ. ಡಬ್ಬಿಯಲ್ಲಿ ಪುಡಿ ಹಾಕಿ ಜೀರುಂಡೆಗಳನ್ನು ಮೆಲ್ಲಗೆ ಅಲ್ಲಾಡಿಸಿದಾಗ ಅವು ಬೆಳ್ಳಗಾಗಿ ಹೊರಬಂದವು. "ವಿಭೂತಿ ಹಚ್ಚಿಕೊಂಡಂಗ ಅವ," ಎಂದು ಅವರು ಮುಖ ತಿರುಗಿಸಿದರು. ದೊಡ್ಡ ಡಬ್ಬಿಯಿಂದ ಪುಡಿ ಚೆಲ್ಲುತ್ತದೆಂದು ಅವ್ವನ ಸುಣ್ಣದ ಡಬ್ಬಿಯನ್ನು ತೊಳೆದು ಒಣಗಿಸಿ ಸ್ವಲ್ಪ ಸ್ವಲ್ಪ ತುಂಬಿಡುವುದನ್ನು ಶುರುಮಾಡಿದವರೂ ಅವರೇ.

ಮೊದಲೆರಡು ವಾರ ಹನಿಯೇ ಆಧಾರ. ಆಮೇಲೆ ಕಾಲು ತೆಗೆದ ಸಣ್ಣ ಜೀರುಂಡೆಗಳನ್ನು ಇಕ್ಕಳದಿಂದ ಬಾಯಿಗೆ ಹಿಡಿದೆವು. ನಡುಕ ನಿಂತಿತು. ದವಡೆ ಸ್ವಲ್ಪ ಬಿಗಿಯಾಯಿತು. ಹೊಟ್ಟೆ ಮಾತ್ರ ನೆಲ ಬಿಡಲಿಲ್ಲ. ಪಲ್ಲವಿಗೆ ನಿಜ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ಬಾಲದ ಕಡೆಯಿಂದ ತೋರಿಸುತ್ತಿದ್ದೆ. ಒಂದು ಸಂಜೆ ನಾನು ಸೋತು "ಇದು ಇನ್ನ ಏಳಂಗಿಲ್ಲೇನೋ" ಎಂದಾಗ ಗಂಡ ಇಕ್ಕಳ ಕೆಳಗಿಡದೆ "ಎದ್ದು ನಿಲ್ತದ ಬಿಡು" ಎಂದರು. ಅದೇ ಹೊತ್ತಿಗೆ ಟ್ಯೂಬ್‌ಲೈಟಿನ ಹಿಂದಿನ ನಮ್ಮ ಮನೆಯ ಹಳೆಯ ಹಲ್ಲಿ ಲೊಚ್ ಲೊಚ್ ಎಂದಿತು. ಅವರು ಮೇಜಿಗೆ ಮೂರು ಬಾರಿ ಬೆರಳು ಕುಟ್ಟಿದರು. ವಿಜ್ಞಾನ ಕಲಿಸಿದ ನಾನೂ ಕುಟ್ಟಿದೆ.

ಪಲ್ಲವಿ ಯುಗಾದಿಯ ಎರಡು ದಿನ ಮೊದಲು ಬಂದಳು. ಚೀಲ ಇಳಿಸುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ: ಹುಳ, ಸೀಲು, ಗಾಜು, ಬಾಲದ ಕಡೆಯ ಫೋನು. ಅವಳ ಕಣ್ಣು ತುಂಬಿತು. ಪೆಟ್ಟಿಗೆಯ ಮುಂದೆ ಹೋಗಿ ಕೂತಳು. ಗಂಡ ಒಂದು ಬೆಳ್ಳನೆಯ ಜೀರುಂಡೆಯನ್ನು ಒಳಗೆ ಬಿಟ್ಟರು. ಬೆಲ್ಲ ಅದನ್ನು ನೋಡಿತು. ಬಲ ಮುಂಗಾಲು ಊರಿತು. ಬಾಗಿದ ಎಡಗಾಲನ್ನು ಪಕ್ಕಕ್ಕೆ ಚಾಚಿ ಊರಿತು. ಹೊಟ್ಟೆ ನೆಲದಿಂದ ಮೇಲೆದ್ದಿತು. ಒಂದು ಬೆರಳು ತೂರುವಷ್ಟು, ಅಷ್ಟೇ. ಎರಡು ಹೆಜ್ಜೆ ಕುಂಟಿಕೊಂಡು ನಡೆದು, ಬಾಲದ ತುದಿ ಅಲ್ಲಾಡಿಸಿ, ಟಪ್ಪೆಂದು ಹಿಡಿಯಿತು. ದವಡೆ ಬಾಗಲಿಲ್ಲ. ಕರುಮ್ಮೆಂದು ಅಗಿದ ಸದ್ದು ನಮ್ಮ ಮೂವರಿಗೂ ಕೇಳಿಸಿತು.

"ನಾ ಹೇಳಿದ್ದಿಲ್ಲ?" ಎಂದರು ಗಂಡ.

ಪಲ್ಲವಿ ಹಿಂತಿರುಗಿ ನನ್ನನ್ನು ನೋಡಿದಳು. "ಅತ್ತಿ, ನಿನ್ನ ಗುಳಿಗಿ ಸೀಲು?" ಎಂದಳು. ಅದನ್ನೂ ನಾನೇ ಹೇಳಿಬಿಟ್ಟಿದ್ದೆ. ನಾನು ಅಡುಗೆಮನೆಗೆ ಹೋದೆ. ಬೆಲ್ಲನ ಪುಡಿ ಒಂದು ಹೊತ್ತೂ ತಪ್ಪಿಸದ ನಾನು ನನ್ನ ಡಬ್ಬಿಯನ್ನು ಮುಟ್ಟಿರಲಿಲ್ಲ.

ಅಡುಗೆಮನೆಯಲ್ಲಿ ನಿಂತಾಗ ಅವ್ವ ನೆನಪಾದಳು. ಕೊನೆಯ ವರ್ಷಗಳಲ್ಲಿ ಅವಳ ಬೆನ್ನು ಎಷ್ಟು ಬಾಗಿತ್ತೆಂದರೆ ನಮ್ಮ ಮುಖ ನೋಡಲು ಕತ್ತು ಪಕ್ಕಕ್ಕೆ ತಿರುಗಿಸಬೇಕಾಗುತ್ತಿತ್ತು. ನಾವೆಲ್ಲ ಅದನ್ನು ವಯಸ್ಸು ಎಂದೆವು. ಮೊಸರು ನಮಗೆ ಕುಡಿಸಿ, ಬಟ್ಟಲು ತೊಳೆದ ನೀರು ಕುಡಿದು, ಹೊಗೆಯ ಕತ್ತಲಲ್ಲಿ ರೊಟ್ಟಿ ಬಡಿದು, ತನ್ನ ಎಲುಬಿನಿಂದಲೇ ತೆಗೆತೆಗೆದು ಬದುಕಿದ್ದಳು. ಮೂವತ್ತೆರಡು ವರ್ಷ ಆ ಪಾಠ ಮಾಡಿದ ನಾನು ಒಂದು ದಿನವೂ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತದೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದ ಗಂಡ ನನ್ನ ತಟ್ಟೆಯ ಪಕ್ಕ ಒಂದು ಲೋಟ ಹಾಲು, ಅದರ ಪಕ್ಕ ಒಂದು ಗುಳಿಗೆ ಇಟ್ಟರು. ಬೆರಳಿನಲ್ಲಿ ಇನ್ನೂ ವಿಭೂತಿಯ ಪುಡಿ ಇತ್ತು.

"ಸೀಲು ನಾ ಒಡದೀನಿ," ಎಂದರು. "ತಗೋ. ತಗೊಂಡು ಮಾಳಗಿ ಮ್ಯಾಲೆ ಹೋಗಿ ಎಳೀ ಬಿಸಿಲಾಗ ಹತ್ತ ನಿಮಿಷ ನಿಲ್ಲು."

"ಬೆಲ್ಲಕ್ಕ ಸಂಜೀಗಿ ಪುಡಿ?"

"ಅದರದು ನಾ ನೋಡ್ಕೋತೀನಿ. ನೀ ಮೊದಲ ನಿಂದು ನೋಡ್ಕೋ."

ಗುಳಿಗೆ ನುಂಗಿದೆ, ಹಾಲು ಕುಡಿದೆ. ಬಟ್ಟಲು ತೊಳೆದ ನೀರಲ್ಲ, ಲೋಟದ ತುಂಬ ಹಾಲು. ಆಮೇಲೆ ಗೋಡೆ ಹಿಡಿದುಕೊಂಡು ಮಾಳಿಗೆ ಹತ್ತಿ, ಪೂರ್ವಕ್ಕೆ ಮುಖ ಮಾಡಿ, ಬೆನ್ನು ನೆಟ್ಟಗೆ ಮಾಡಿ ನಿಂತೆ.